ಹಾರದ ಸೇಬು, ಹೊಲದ ಟರ್ನಿಪ್ಪು

ಇದನ್ನು ಹೇಳಬೇಕು ಎಂದುಕೊಂಡು ಏಳು ವರ್ಷವಾಯಿತು. ಮಳೆಗಾಲ ಮುಗಿಯಲಿ, ಮೊಮ್ಮಗಳ ಮದುವೆಯಾಗಲಿ, ಕಣ್ಣಿನ ಪೊರೆ ತೆಗೆಸಿಕೊಂಡ ಮೇಲೆ ನಿಧಾನವಾಗಿ ಕೂತು ಬರೆಯೋಣ ಎಂದು ಒಂದಲ್ಲ ಒಂದು ನೆಪ ಹುಡುಕಿಕೊಂಡೇ ಬಂದೆ. ಮೊಮ್ಮಗಳು ಗಂಡನ ಮನೆಗೆ ಹೋದಳು. ಪೊರೆಯೂ ಹೋಯಿತು. ಬರೆಯಲಿಲ್ಲ.

ಕಳೆದ ತಿಂಗಳು ದೊಡ್ಡಬಳ್ಳಾಪುರದ ಮಾರ್ಕೆಟ್ಟಿನಲ್ಲಿ ಒಬ್ಬ ಹೆಂಗಸು ಟರ್ನಿಪ್ ಗಡ್ಡೆಗಳನ್ನು ಗುಡ್ಡೆ ಹಾಕಿಕೊಂಡು ಕೂತಿದ್ದರು. ನಾನು ಸುಮ್ಮನೆ ನಿಂತು ನೋಡಿದ್ದಷ್ಟೆ. "ಒಳಗೆ ಬೆಂಡಾಗಿಲ್ಲ ನೋಡಿ ಯಜಮಾನ್ರೇ" ಎಂದು ಒಂದನ್ನು ಚಾಕುವಿನಿಂದ ಎರಡು ಹೋಳು ಮಾಡಿ ನನ್ನ ಮುಖದ ಹತ್ತಿರ ಹಿಡಿದರು. ಮೂಲಂಗಿಗೂ ಸಾಸಿವೆಗೂ ನಡುವಿನ ಆ ಹಸಿ ಘಾಟು ಮೂಗಿಗೆ ಬಡಿಯಿತು. ಪಕ್ಕದಲ್ಲೇ ಸೇಬಿನ ತಳ್ಳುಗಾಡಿ ಇತ್ತು. ಎರಡರ ವಾಸನೆಯೂ ಸೇರಿಕೊಂಡು ಬಂದಾಗ ನನಗೆ ಅಲ್ಲಿ ನಿಲ್ಲಲಾಗಲಿಲ್ಲ. ಏನನ್ನೂ ಕೊಳ್ಳದೆ ಬಸ್ಸು ಹತ್ತಿದೆ. ಹಿಂದಿನಿಂದ ಆ ಹೆಂಗಸು ಬೈದದ್ದು ಕೇಳಿಸಿತು. ಬೈಯಲಿ, ಹೋಳು ಮಾಡಿಸಿ ಬಿಟ್ಟು ಬಂದಿದ್ದೆನಲ್ಲ...

ಟರ್ನಿಪ್ಪನ್ನೂ ಸೇಬನ್ನೂ ಒಂದೇ ಪಾತ್ರೆಯಲ್ಲಿ ಬೇಯಿಸಬಹುದು ಎಂದು ನಮ್ಮೂರಿಗೆ ತೋರಿಸಿಕೊಟ್ಟವರು ನನ್ನ ಅತ್ತಿಗೆ, ನನ್ನ ಅಣ್ಣನ ಹೆಂಡತಿ.

ಅವರು ಮದುವೆಯಾಗಿ ನಮ್ಮ ಮನೆಗೆ ಬಂದಾಗ ನಾನು ಏಳನೇ ಕ್ಲಾಸಿನಲ್ಲಿದ್ದೆ. ಮರುವರ್ಷದಿಂದ ಹೈಸ್ಕೂಲಿಗೆ ಮೂರು ಮೈಲಿ ನಡೆಯಬೇಕಿತ್ತು. ಬೆಳಗ್ಗೆ ಎದ್ದು ಬಿಸಿ ರೊಟ್ಟಿ ಸುಟ್ಟು, ಹುಚ್ಚೆಳ್ಳು ಚಟ್ನಿ ಸವರಿ, ಬಟ್ಟೆಯಲ್ಲಿ ಸುತ್ತಿ ಕೊಡುತ್ತಿದ್ದರು. ನಾನು ಎಸ್ಸೆಸ್ಸೆಲ್ಸಿ ಪಾಸಾಗಿ, ಮುಂದೆ ಊರಿನ ಹಾಲಿನ ಡೇರಿಗೆ ಸೆಕ್ರೆಟರಿಯಾದದ್ದರಲ್ಲಿ ಆ ರೊಟ್ಟಿಯ ಪಾಲೂ ಇದೆ. ಅಣ್ಣ ಬೇಗ ಹೋಗಿಬಿಟ್ಟ. ಅತ್ತಿಗೆಗೆ ಒಬ್ಬಳೇ ಮಗಳು. ಅವಳನ್ನು ತ್ಯಾಮಗೊಂಡ್ಲು ಕಡೆ ಕೊಟ್ಟಿದ್ದರು. ಮನೆ ಭಾಗವಾದ ಮೇಲೆ ನಡುವೆ ಒಂದು ಗೋಡೆ ಎದ್ದಿತು. ಎದೆಯೆತ್ತರದ ಗೋಡೆ. ಅದರ ಮೇಲಿಂದ ದಿನವೂ ಒಂದು ಬಟ್ಟಲು ನಮ್ಮ ಕಡೆಗೆ ಬರುತ್ತಿತ್ತು.

ಅವರಿಗೊಂದು ಅಭ್ಯಾಸವಿತ್ತು. ಗೊತ್ತಿಲ್ಲದ ಕಾಯಿ ಯಾವುದು ಕೈಗೆ ಬಂದರೂ ಮೊದಲು ಹಸಿಯದನ್ನೇ ಒಂದು ಚೂರು ಕಚ್ಚಿ, ಕಣ್ಣು ಮುಚ್ಚಿ ಅಗಿಯುತ್ತಿದ್ದರು. ಅಗಿದು ಮುಗಿಸಿ ಒಂದು ಮಾತು ಹೇಳುತ್ತಿದ್ದರು. ಆ ಮಾತಿನಲ್ಲಿ ಅಡುಗೆ ಅರ್ಧ ಆಗಿಹೋಗಿರುತ್ತಿತ್ತು.

ಟರ್ನಿಪ್ ನಮ್ಮ ಕಡೆಯ ಬೆಳೆಯಲ್ಲ. ನಮ್ಮದು ರಾಗಿ, ಅವರೆ, ಹಸುವಿಗೆ ಜೋಳ. ಒಂದು ವರ್ಷ ತರಕಾರಿ ಕೊಳ್ಳುವ ಕಂಪನಿಯವರೊಬ್ಬರು ಬಂದು, ಇಂಗ್ಲಿಷ್ ತರಕಾರಿ ಹಾಕಿ, ಹೊಲಕ್ಕೇ ಬಂದು ತುಂಬಿಕೊಂಡು ಹೋಗುತ್ತೇವೆ ಎಂದು ಬೀಜ ಕೊಟ್ಟು ಹೋದರು. ನಾನೂ ಅರ್ಧ ಎಕರೆಗೆ ಹಾಕಿದೆ. ಗಡ್ಡೆ ನಿಂಬೆಗಿಂತ ಸ್ವಲ್ಪ ದೊಡ್ಡದಾದ ಕೂಡಲೇ ಕೀಳಬೇಕಿತ್ತಂತೆ. ನಮಗೆ ಗಡ್ಡೆ ದೊಡ್ಡದಾದಷ್ಟೂ ಖುಷಿ. ಇನ್ನೂ ಬಲಿಯಲಿ ಎಂದು ನೀರು ಹಾಯಿಸುತ್ತಲೇ ಇದ್ದೆವು. ಲಾರಿ ಬಂದಾಗ ಒಂದೊಂದೂ ಎಳನೀರಿನಷ್ಟಾಗಿತ್ತು. ಬಂದ ಹುಡುಗರು ಒಂದನ್ನು ಎತ್ತಿ ನೋಡಿ, ನಕ್ಕು, ಖಾಲಿ ಲಾರಿ ತಿರುಗಿಸಿಕೊಂಡು ಹೋದರು.

ಹಾಳಾಗುವುದೇಕೆಂದು ನಾನು ಹಸುವಿಗೆ ಹಾಕಿದೆ. ಮಾರನೆಯ ದಿನ ಹಾಲೇ ಘಾಟು. ಚಿಲ್ಲಿಂಗ್ ಸೆಂಟರಿನಿಂದ ಒಂದು ಕ್ಯಾನು ವಾಪಸು ಬಂತು. ಊರಿನ ಡೇರಿಯ ಚರಿತ್ರೆಯಲ್ಲಿ ಸೆಕ್ರೆಟರಿಯ ಹಸುವಿನ ಹಾಲು ವಾಪಸಾದದ್ದು ಅದೊಂದೇ ಸಲ. ಹಾಲು ಹಾಕಲು ನಿಂತಿದ್ದವನೊಬ್ಬ, "ಏನ್ ಸೆಕ್ರೆಟ್ರಿ, ಹಸೂಗೆ ಒಗ್ಗರಣೆ ಹಾಕಿದ್ರಾ?" ಎಂದ. ಸಾಲಿನಲ್ಲಿದ್ದವರೆಲ್ಲ ನಕ್ಕರು. ನಾನು ಗೋಡೆಯ ಮೇಲಿಂದ ಒಂದು ಮಂಕರಿ ಗಡ್ಡೆಯನ್ನು ಅತ್ತಿಗೆಯ ಕಡೆ ಇಳಿಸಿ, ಬೇಕಾದರೆ ಬೇಯಿಸಿ, ಬೇಡದಿದ್ದರೆ ತಿಪ್ಪೆಗೆ ಹಾಕಿ ಎಂದೆ.

ಅತ್ತಿಗೆ ಒಂದು ಚೂರು ಕಚ್ಚಿದರು. ಕಣ್ಣು ಮುಚ್ಚಿದರು. "ಇದಕ್ಕೆ ಸಿಟ್ಟು ಜಾಸ್ತಿ ಕಣಪ್ಪಾ" ಎಂದರು. "ಸಮಾಧಾನ ಮಾಡೋರು ಒಬ್ರು ಜೊತೇಲಿ ಇರಬೇಕು."

ಆ ಸಮಾಧಾನ ಮಾಡುವವರು ಸಿಕ್ಕದ್ದು ನಮ್ಮ ಮನೆಯಲ್ಲೇ. ನನ್ನ ಹೆಂಡತಿಗೆ ಆಗಷ್ಟೇ ಆಪರೇಷನ್ ಆಗಿತ್ತು. ನೋಡಲು ಬಂದವರೆಲ್ಲ ಸೇಬು ತಂದಿದ್ದರು. ನಮ್ಮಲ್ಲಿ ಸೇಬು ಕಾಯಿಲೆಯವರ ಹಣ್ಣು. ಕಾಯಿಲೆ ಬಿದ್ದವರಿಗೆ ಅದನ್ನು ಕಂಡರಾಗದು, ಗಟ್ಟಿಯಾಗಿರುವವರು ಮುಟ್ಟಲು ಹಿಂಜರಿಯುತ್ತಾರೆ. ಹಾಗಾಗಿ ಮೂಲೆಯಲ್ಲಿ ಕೂತು ಮೆತ್ತಗಾಗುತ್ತಿದ್ದವು. ಅತ್ತಿಗೆ ಅವನ್ನು ಮಡಿಲಲ್ಲಿ ತುಂಬಿಕೊಂಡು ಹೋದರು. ಸಂಜೆ ಗೋಡೆಯ ಮೇಲೆ ಬಟ್ಟಲು ಬಂತು. ಕೆಂಪಗೆ, ದಪ್ಪಗೆ ಗೊಜ್ಜು. ಮೊದಲು ಸಿಹಿ, ಹಿಂದೆಯೇ ಹುಳಿ, ನುಂಗಿದ ಮೇಲೆ ಗಂಟಲಲ್ಲಿ ನಿಧಾನವಾಗಿ ಏಳುವ ಖಾರ. ಆ ಖಾರದ ಕೆಳಗೆ ಟರ್ನಿಪ್ಪಿನ ಘಾಟು ಸುಳಿದೂ ಸುಳಿಯದ ಹಾಗೆ. ಆಪರೇಷನ್ ಆದಾಗಿನಿಂದ ಊಟ ಸೇರದಿದ್ದ ನನ್ನ ಹೆಂಡತಿ ಅವತ್ತು ಇನ್ನೊಂದು ತುತ್ತು ಕೇಳಿದಳು.

ಮಾಡುವ ಬಗೆ ಹೇಳಿಬಿಡುತ್ತೇನೆ. ಯಾರಿಗಾದರೂ ಬೇಕಾಗಬಹುದು. ಬಲಿತ ಗಡ್ಡೆಯ ಸಿಪ್ಪೆಯನ್ನು ದಪ್ಪಗೆ ಹೆರೆದು, ನಾರಿದ್ದ ಕಡೆ ಬಿಟ್ಟು, ಹೋಳು ಮಾಡಿ ಉಪ್ಪುನೀರಲ್ಲಿ ಒಂದು ಕುದಿ ಬರಿಸಿ ಆ ನೀರು ಚೆಲ್ಲುತ್ತಿದ್ದರು. ಸೇಬು ಹೆಚ್ಚಿದ ಕೂಡಲೇ ಕಪ್ಪಾಗುತ್ತದಲ್ಲ, ಬದನೆಕಾಯಿಯಂತೆ ಅದನ್ನೂ ನೀರುಮಜ್ಜಿಗೆಯಲ್ಲಿ ಮುಳುಗಿಸಿಡುತ್ತಿದ್ದರು. ಹುಣಸೆ ರಸ, ಬೆಲ್ಲ, ಹುರಿದ ಮೆಣಸಿನಕಾಯಿ, ಮೆಂತ್ಯ, ಕೊಬ್ಬರಿ, ಇವೆಲ್ಲ ಯಾವ ಗೊಜ್ಜಿಗೂ ಹಾಕುವಂಥವೇ. ಹುಚ್ಚೆಳ್ಳು ಹುರಿದು ಪುಡಿ ಮಾಡಿ ಹಾಕುತ್ತಿದ್ದದ್ದು ಅವರದೇ ಕೈ. ಮುಖ್ಯವಾದದ್ದು ಸೇಬನ್ನು ಎರಡು ಪಾಲು ಮಾಡುವುದು. ಒಂದು ಪಾಲನ್ನು ಟರ್ನಿಪ್ಪಿನ ಜೊತೆಗೇ ಹಾಕುತ್ತಿದ್ದರು, ಅದು ಕರಗಿ ಗೊಜ್ಜಿಗೆ ಮೈ ಕೊಡುತ್ತಿತ್ತು. ಇನ್ನೊಂದು ಪಾಲು ಇಳಿಸುವ ಮುಂಚೆ, ಹಲ್ಲಿಗೆ ಸಿಕ್ಕಲಿ ಎಂದು. ಎಳೆಯ ಗಡ್ಡೆ ಸಿಕ್ಕಿದಾಗ ಎರಡನ್ನೂ ತುರಿದು ಹೆಸರುಬೇಳೆ, ನಿಂಬೆಹಣ್ಣು ಹಾಕಿ ಕೋಸಂಬರಿಯನ್ನೂ ಮಾಡುತ್ತಿದ್ದರು. ಸೊಪ್ಪನ್ನು ಬಸ್ಸಾರಿಗೆ ಹಾಕುತ್ತಿದ್ದರು. ಲಾರಿಯವರು ನಕ್ಕು ಬಿಟ್ಟುಹೋದ ಬೆಳೆಯಲ್ಲಿ ಅತ್ತಿಗೆ ಬಿಸಾಡಿದ್ದು ಸಿಪ್ಪೆ ಮಾತ್ರ.

ಅತ್ತಿಗೆಗೆ ಒಂದು ಆಸೆಯಿತ್ತು. ಊರಲ್ಲಿ ಆಗ ಸಮುದಾಯ ಭವನ ಏಳುತ್ತಿತ್ತು. ನಾಮಕರಣ, ನಿಶ್ಚಿತಾರ್ಥ, ಸಭೆ ಎಲ್ಲ ಇನ್ನು ಅಲ್ಲೇ. ಅಲ್ಲಿನ ಅಡುಗೆಯನ್ನು ತಮ್ಮ ಹೆಂಗಸರ ಸಂಘಕ್ಕೆ ಕೊಡಬೇಕು ಎಂಬುದು ಅವರ ಆಸೆ. ಒಂದು ದಿನ ಗೋಡೆಯ ಆಚೆಯಿಂದ ಹೇಳಿದರು. "ಮನೆ ನಾಕು ಜನಕ್ಕೆ ಮಾಡಿ ಮಾಡಿ ಅರವತ್ತೈದು ದಾಟ್ತು. ನಾನೂರು ಜನಕ್ಕೆ ಒಂದು ಸಲ ಮಾಡ್ಬೇಕು ಕಣಪ್ಪಾ. ಊರೋರು ಇದು ಇಂಥವಳ ಅಡುಗೆ ಅಂತ ಉಣ್ಬೇಕು." ಅವರು ನನ್ನ ಹತ್ತಿರ ತಮಗಾಗಿ ಏನನ್ನಾದರೂ ಕೇಳಿದ್ದು ಅದೊಂದೇ ಸಲ.

ನಾನು ಡೇರಿ ಅಧ್ಯಕ್ಷರ ಹತ್ತಿರ ಮಾತಾಡಿದೆ. ಭವನದ ಸಮಿತಿಗೂ ಅವರೇ ಹಿರಿಯರು. "ಡೇರಿ ವಾರ್ಷಿಕ ಸಭೆ ಊಟ ಮಾಡ್ಲಿ, ನೋಡೋಣ. ಚೆನ್ನಾಗಿದ್ರೆ ಅವರಿಗೇ ಕೊಡೋಣ" ಎಂದರು. ಅತ್ತಿಗೆ ನಾಲ್ಕು ಹೆಂಗಸರನ್ನು ಸೇರಿಸಿಕೊಂಡು ಹದಿನೈದು ದಿನ ಮುಂಚಿನಿಂದ ಓಡಾಡಿದರು. ಮುದ್ದೆ, ಕಾಳು ಸಾರು, ಅನ್ನ, ಪಾಯಸ, ಅದರ ಜೊತೆ ಟರ್ನಿಪ್ ಸೇಬಿನ ಗೊಜ್ಜು.

ಸಭೆಯ ಹಿಂದಿನ ದಿನ ಭವನ ಉದ್ಘಾಟನೆಗೆ ದೊಡ್ಡ ನಾಯಕರೊಬ್ಬರು ಬಂದರು. ಈಗ ನಮ್ಮ ಕಡೆ ನಾಯಕರು ಬಂದರೆ ಹೂವಿನ ಹಾರ ಸಾಲದು. ಸೇಬಿನ ಹಾರ ಬೇಕು. ಆಳೆತ್ತರದ ಹಾರವನ್ನು ಕ್ರೇನಿನಲ್ಲಿ ಎತ್ತಿ ಹಿಡಿಯಬೇಕು, ಅದರ ಕೆಳಗೆ ಅವರ ಕಾರು ಹಾದು ಹೋಗಬೇಕು. ಹಾರ ಅಧ್ಯಕ್ಷರ ಮನೆಯದು. ಕ್ರೇನು ಗೊತ್ತು ಮಾಡಿದ್ದು ನಾನು. ಕಾರು ಹಾದದ್ದೇ ತಡ, ಜನ ಹಾರಕ್ಕೆ ಹಾರಿದರು. ಹಗ್ಗ ಕಿತ್ತು ಸೇಬು ರಸ್ತೆ ತುಂಬ ಉರುಳಿದವು. ಒಬ್ಬ ಲುಂಗಿಯಲ್ಲಿ ತುಂಬಿಕೊಂಡು, "ಲೇ, ಬರ್ತಾ ಇರ್ಲಿ ಕಣ್ಲಾ ಇಂಥೋರು!" ಎಂದು ಕೂಗಿದ. ಎಲ್ಲ ಖಾಲಿಯಾದ ಮೇಲೂ ಹಾರದ ಬುಡದ ಬಲೆಯಲ್ಲಿ, ಚರಂಡಿಯ ಪಕ್ಕದ ಹುಲ್ಲಿನಲ್ಲಿ ಬೇಕಾದಷ್ಟು ಉಳಿದಿದ್ದವು.

ಅವನ್ನು ಎರಡು ಮೂಟೆ ತುಂಬಿದವನು ನಾನು. ಇದನ್ನು ಸ್ಪಷ್ಟವಾಗಿ ಬರೆಯಬೇಕು. ನಾನೇ ಬಗ್ಗಿ ಆಯ್ದೆ. ನಾನೇ ಆಟೋಗೆ ಹಾಕಿ, ಮೇಲೆ ಹಿಂಡಿ ಚೀಲ ಮುಚ್ಚಿ, ಅತ್ತಿಗೆಯ ಅಂಗಳಕ್ಕೆ ಇಳಿಸಿದೆ. ನಾಳೆಗೆ ಹೇಗೂ ಸೇಬು ಬೇಕು, ಇವು ಕಣ್ಣೆದುರೇ ಹಾಳಾಗುತ್ತಿವೆ ಎಂದು ಅನ್ನಿಸಿತ್ತು. ಅದರಲ್ಲಿ ತಪ್ಪಿತ್ತು ಎಂದು ನನಗೆ ಈಗಲೂ ಅನ್ನಿಸುವುದಿಲ್ಲ. ತಪ್ಪು ಅದರ ಮುಂದಿನದು.

ಅತ್ತಿಗೆ ಒಂದು ಹಣ್ಣು ತಿರುಗಿಸಿ ನೋಡಿದರು.

"ಎಲ್ಲಿದಪ್ಪಾ ಇವು?"

"ಹಾರದ್ದು ಅತ್ತಿಗೆ. ಮೇಲಿದ್ದವು. ನೆಲ ಮುಟ್ಟಿಲ್ಲ."

"ಹೂಂ. ಮಣ್ಣು ಗಾಳೀಲಿ ಬಂದು ಅಂಟ್ಕೊಂಡೈತೆ" ಎಂದು ನಕ್ಕರು. ಆಮೇಲೆ ನಗು ನಿಲ್ಲಿಸಿ ಕೇಳಿದರು. "ಅಧ್ಯಕ್ಷ್ರಿಗೆ ಹೇಳಿದೀಯಾ? ಅವರ ಮನೆ ಹಾರ. ಕೇಳ್ದೆ ಮಾಡಿದ್ರೆ ಚೆನ್ನಾಗಿರಲ್ಲ."

"ಹೇಳಿದೀನಿ" ಎಂದೆ.

ಹೇಳಿರಲಿಲ್ಲ. ಹೇಳಿದರಾಯಿತು ಎಂದುಕೊಂಡೆ. ಆ ಗಡಿಬಿಡಿಯಲ್ಲಿ ಮರೆತೆ... ಅಥವಾ ಮರೆತೆ ಎಂದು ನನಗೆ ನಾನೇ ಹೇಳಿಕೊಂಡೆ. ಕತ್ತಲಾಗುವುದರೊಳಗೆ ಅತ್ತಿಗೆ ಪ್ರತಿ ಹಣ್ಣನ್ನೂ ಅರಿಶಿನ ಉಪ್ಪಿನ ನೀರಲ್ಲಿ ಮೂರು ಸಲ ತೊಳೆದು, ಈಳಿಗೆಮಣೆಯಲ್ಲಿ ಸೀಳಿ, ಪೆಟ್ಟು ಬಿದ್ದ ಕಡೆ ಬೆರಳಗಲ ಜಾಸ್ತಿಯೇ ತೆಗೆದು ಹಾಕಿದರು. ಎರಡು ಮೂಟೆಯಲ್ಲಿ ಒಂದು ಮೂಟೆ ತಿಪ್ಪೆಗೇ ಹೋಯಿತು.

ಮಾರನೆಯ ದಿನದ ಊಟ ನೆನೆದರೆ ಈಗಲೂ ನನಗೆ ಹೆಮ್ಮೆಯೇ ಮೊದಲು ಬರುತ್ತದೆ. ಮೊದಲ ಪಂಕ್ತಿಯಲ್ಲೇ ಗೊಜ್ಜಿನ ಬಕೆಟ್ಟು ಮೂರು ಸಲ ತಿರುಗಿತು. ಪಟ್ಟಣದಿಂದ ಬಂದಿದ್ದ ಅಧಿಕಾರಿಯೊಬ್ಬರು ಎಲೆಯ ಮೇಲೆ ಬೆರಳಾಡಿಸಿ, "ಏನ್ರೀ ಇದು, ಪೈನಾಪಲ್ಲಾ?" ಎಂದು ಕೇಳಿದರು. "ಅಲ್ಲ ಸಾರ್. ಹಸ ತಿಂದ್ರೆ ಹಾಲು ಕೆಡತ್ತಲ್ಲ, ಆ ಗಡ್ಡೆ" ಎಂದು ಯಾರೋ ಹೇಳಿ ನಗಿಸಿದರು. ಅತ್ತಿಗೆ ಸೆರಗು ಸೊಂಟಕ್ಕೆ ಸಿಕ್ಕಿಸಿಕೊಂಡು ಸೌಟು ಹಿಡಿದು ಪಂಕ್ತಿಯ ನಡುವೆ ನಡೆಯುತ್ತಿದ್ದರು. ಬೇಕಾ ಎಂದು ಯಾರನ್ನೂ ಕೇಳುತ್ತಿರಲಿಲ್ಲ. ಎಲೆ ನೋಡಿ ಬಡಿಸುತ್ತಿದ್ದರು. ಅಷ್ಟು ನೆಟ್ಟಗೆ ಅವರು ನಡೆದದ್ದನ್ನು ನಾನು ಅದುವರೆಗೆ ನೋಡಿರಲಿಲ್ಲ.

ಎರಡನೇ ಪಂಕ್ತಿಯಲ್ಲಿ ಒಬ್ಬ ಹುಡುಗಾಟಕ್ಕೆ ಕೂಗಿದ. "ಗುರು, ಇದು ನಿನ್ನೆ ಹಾರದ ಸೇಬೇನೋ! ನಾಯಕ್ರ ಪ್ರಸಾದ!" ಎಲ್ಲರೂ ನಕ್ಕರು. ಅಧ್ಯಕ್ಷರು ನಗಲಿಲ್ಲ. ಪಕ್ಕದಲ್ಲಿ ಪಟ್ಟಣದ ಅಧಿಕಾರಿ ಊಟ ಮುಗಿಸಿ ನಿಂತಿದ್ದರು. ಅಧ್ಯಕ್ಷರು ಅರ್ಧ ಉಂಡ ಎಲೆಯನ್ನು ಮಡಚಿದರು. ಒಬ್ಬರು ಎಲೆ ಮಡಚಿದರೆ ಪಂಕ್ತಿಯಲ್ಲಿ ಎಲ್ಲರ ಕೈ ನಿಲ್ಲುತ್ತದೆ. ನಿಂತಿತು.

"ನಮ್ಮನೆ ಹಾರದ್ದು, ಬೀದೀಲಿ ಜನ ತುಳಿದಿದ್ದು, ತಂದು ಸಭೆಗೆ ಬಡಿಸ್ತಾರಾ? ಯಾರು ತಂದೋರು?"

ಅವರು ನನ್ನನ್ನೇ ನೋಡುತ್ತಿದ್ದರು. ಊಟದ ಉಸ್ತುವಾರಿ ನನ್ನದಲ್ಲವೇ. ಒಂದೇ ಮಾತು ಸಾಕಿತ್ತು. ನಾನು ತಂದೆ, ತೊಳೆದು ಮಾಡಿದ್ದಾರೆ, ಹೇಳದೇ ಇದ್ದದ್ದು ನನ್ನ ತಪ್ಪು. ನನ್ನ ಬಾಯಿಂದ ಬಂದದ್ದು ಬೇರೆ.

"ನಂಗೇನ್ ಗೊತ್ತು ಅಧ್ಯಕ್ಷ್ರೇ. ಅತ್ತಿಗೆ ಆಯ್ಕೊಂಡು ಬಂದವ್ರೆ ಅನ್ಸತ್ತೆ."

ಅತ್ತಿಗೆ ನಾಲ್ಕು ಎಲೆ ಆಚೆ ಬಕೆಟ್ಟು ಹಿಡಿದು ನಿಂತಿದ್ದರು. ಒಲೆಯ ಮೇಲಿನ ಹಾಲನ್ನು ಈಗ ಉಕ್ಕುತ್ತದೆ, ಈಗ ಉಕ್ಕುತ್ತದೆ ಎಂದು ಕಾಯುತ್ತಾ ನೋಡುತ್ತೇವಲ್ಲ, ಹಾಗೆ ನನ್ನ ಮುಖ ನೋಡಿದರು. ನಾನು ಇನ್ನೊಂದು ಮಾತು ಆಡುತ್ತೇನೆ ಎಂದು ಕಾದರು. ನಾನು ಆಡಲಿಲ್ಲ. ಆಗ ಅವರು ಅಧ್ಯಕ್ಷರ ಕಡೆ ತಿರುಗಿದರು.

"ಹೌದಪ್ಪಾ, ನಾನೇ ತಂದಿದ್ದು. ಅವನಿಗೇನೂ ಗೊತ್ತಿಲ್ಲ. ಮೂರು ನೀರಲ್ಲಿ ತೊಳ್ದಿವ್ನಿ, ಕೆಟ್ಟಿದ್ದು ತೆಗ್ದಿವ್ನಿ. ನನ್ನ ಮಗಳಿಗೆ ಬಡಿಸೋ ಹಂಗೆ ಮಾಡಿವ್ನಿ. ಉಣ್ಣೋರು ಉಣ್ಣಿ, ಬೇಡ ಅನ್ನೋರು ಪಕ್ಕಕ್ಕೆ ಇಡಿ."

ನನ್ನ ಸುಳ್ಳನ್ನು ಅಷ್ಟು ಜನರ ನಡುವೆ ತಮ್ಮ ತಲೆಗೆ ಎತ್ತಿಕೊಂಡು, ಬಕೆಟ್ಟಿನಲ್ಲಿ ಉಳಿದದ್ದನ್ನು ಕೇಳಿದವರಿಗೆ ಬಡಿಸಿ ಮುಗಿಸಿಯೇ ಒಳಗೆ ಹೋದರು. ಪಟ್ಟಣದ ಅಧಿಕಾರಿ ಊಟ ಮುಗಿಸಿ ಹೊರಟಾಗ ಗೊಜ್ಜು ಚೆನ್ನಾಗಿತ್ತು ಎಂದು ಹೇಳಿದರಂತೆ. ಅದನ್ನು ಅತ್ತಿಗೆಗೆ ಯಾರೂ ತಿಳಿಸಲಿಲ್ಲ. ನಾನೂ ತಿಳಿಸಲಿಲ್ಲ.

ಭವನದ ಅಡುಗೆ ನೆಲಮಂಗಲದ ಕಡೆಯ ಕಂಟ್ರಾಕ್ಟರೊಬ್ಬರ ಪಾಲಾಯಿತು. ಸಮಿತಿಯಲ್ಲಿ ಕೈಯೆತ್ತಿದವರಲ್ಲಿ ನಾನೂ ಒಬ್ಬ. ಊರಲ್ಲಿ ಅತ್ತಿಗೆಯ ಅಡುಗೆಗೆ ಬೀದಿ ಗೊಜ್ಜು ಎಂಬ ಹೆಸರು ಬಿತ್ತು. ಅತ್ತಿಗೆಯ ಜೊತೆ ಅಡುಗೆ ಮಾಡಿದ್ದ ನಾಲ್ವರೂ ಒಬ್ಬೊಬ್ಬರಾಗಿ ದೂರವಾದರು. ನಾಳೆ ಅಧ್ಯಕ್ಷರ ಹತ್ತಿರ ನಿಜ ಹೇಳುತ್ತೇನೆ, ಸಂಕ್ರಾಂತಿ ಕಳೆಯಲಿ ಹೇಳುತ್ತೇನೆ, ರಿಟೈರಾಗುವ ದಿನ ಮೈಕಿನಲ್ಲೇ ಹೇಳುತ್ತೇನೆ ಎಂದುಕೊಂಡೆ. ಅಧ್ಯಕ್ಷರು ತೀರಿಕೊಂಡರು. ರಿಟೈರಾದ ದಿನ ಶಾಲು ಹೊದಿಸಿಕೊಂಡು ಬಂದೆ.

ಅತ್ತಿಗೆ ಆ ಮಾತನ್ನು ಒಂದು ದಿನವೂ ಎತ್ತಲಿಲ್ಲ. ಎತ್ತಿ ಬೈದಿದ್ದರೆ ನನಗೆ ಎಷ್ಟೋ ಹಗುರಾಗುತ್ತಿತ್ತು. ಗೋಡೆಯ ಮೇಲೆ ಬಟ್ಟಲು ಬರುವುದು ನಿಲ್ಲಲಿಲ್ಲ. ಕಾಳು ಸಾರು, ಉಪ್ಪೆಸರು, ಅವರೆಯ ಕಾಲದಲ್ಲಿ ಹಿತಕಿದ ಬೇಳೆ, ಎಲ್ಲ ಬಂತು. ನಾನು ಎಲ್ಲವನ್ನೂ ಉಂಡೆ. ಆ ಗೊಜ್ಜು ಮಾತ್ರ ಮತ್ತೆ ಬರಲಿಲ್ಲ.

ಮೂರು ವರ್ಷದ ಹಿಂದೆ ಅವರಿಗೆ ಮೈ ಸೋತಿತು. ಮಗಳು ಬಂದು ತ್ಯಾಮಗೊಂಡ್ಲು ಕಡೆಗೆ ಕರೆದುಕೊಂಡು ಹೋದಳು. ನೋಡಲು ಹೋದೆ. ಬಸ್‌ಸ್ಟ್ಯಾಂಡಿನಲ್ಲಿ ಇಳಿದವನು ಕೈ ಬೀಸಿಕೊಂಡು ಹೋಗಬಾರದೆಂದು ಯೋಚನೆಯೇ ಇಲ್ಲದೆ ಒಂದು ಕವರು ಸೇಬು ತೆಗೆದುಕೊಂಡೆ. ಮಂಚದ ಪಕ್ಕ ಇಟ್ಟ ಮೇಲೆ ಏನು ತಂದಿದ್ದೇನೆ ಎಂದು ಹೊಳೆಯಿತು. ಅತ್ತಿಗೆ ಕವರಿನೊಳಗೆ ಇಣುಕಿದರು. ಬಾಯಲ್ಲಿ ಹಲ್ಲಿರಲಿಲ್ಲ, ಕಣ್ಣಲ್ಲಿ ಮಾತ್ರ ಹಳೆಯ ನಗು.

"ಅಂಗ್ಡೀದಾ ಇವು? ಹೇಳಿ ತಂದಿದೀಯೋ ಇಲ್ವೋ?"

ಅಷ್ಟು ವರ್ಷದಲ್ಲಿ ಅವರು ಅಂದದ್ದು ಇಷ್ಟೇ. ಅದೂ ತಮಾಷೆಗೆ. "ಅತ್ತಿಗೆ, ಅವತ್ತು..." ಎಂದೆ. ಅಷ್ಟರಲ್ಲಿ ಮಗಳು ಟೀ ತಂದಳು. ನಾನು ಲೋಟಕ್ಕೆ ಕೈ ಚಾಚಿದೆ. ಟೀ ಕುಡಿದೆ. ಬಸ್ಸಿನ ಹೊತ್ತಾಯಿತು ಎಂದು ಎದ್ದೆ. ಅವರು ಬಾಗಿಲ ಕಡೆಗೆ ಮುಖ ಮಾಡಿ, ಮಾತು ಮುಗಿಸುತ್ತಾನೆ ಎಂಬಂತೆ ನೋಡುತ್ತಿದ್ದರು. ನಾನು ಚಪ್ಪಲಿ ಹುಡುಕುವವನಂತೆ ತಲೆ ತಗ್ಗಿಸಿದೆ. ಹನ್ನೊಂದು ದಿನಕ್ಕೆ ಸುದ್ದಿ ಬಂತು.

ಈಗ ಗೋಡೆಯ ಆಚೆ ಬಾಡಿಗೆಯವರಿದ್ದಾರೆ. ಒಳ್ಳೆಯ ಜನ. ಭವನದಲ್ಲಿ ಊಟಗಳು ಆಗುತ್ತಲೇ ಇವೆ. ನಾನೂ ಹೋಗಿ ಉಣ್ಣುತ್ತೇನೆ. ಉಂಡದ್ದು ಏನೆಂದು ಮನೆಗೆ ಬರುವುದರೊಳಗೆ ಮರೆತಿರುತ್ತದೆ. ಹೋದ ವಾರ ಡೇರಿಯ ಹುಡುಗರು ಸ್ಮರಣ ಸಂಚಿಕೆ ತರುತ್ತೇವೆ, ಹಳೆಯ ಕಾಲದ್ದು ಏನಾದರೂ ಬರೆದುಕೊಡಿ ತಾತಾ ಎಂದು ಕೇಳಿದರು. ಇದನ್ನು ಬರೆದಿದ್ದೇನೆ. ಅವತ್ತು ಪಂಕ್ತಿಯಲ್ಲಿ ಕೂತು ಕೈ ನಿಲ್ಲಿಸಿದವರಲ್ಲಿ ಎಷ್ಟೋ ಜನ ಇನ್ನೂ ಇದ್ದಾರೆ. ಅವರು ಓದಲಿ. ಸೇಬು ಆಯ್ದು ತಂದವನು ನಾನು. ಅಧ್ಯಕ್ಷರಿಗೆ ಹೇಳಿದ್ದೇನೆ ಎಂದು ಸುಳ್ಳು ಹೇಳಿ ಮಾಡಿಸಿದವನೂ ನಾನು. ತಪ್ಪಾಯಿತು ಎಂದು ಕೇಳಬೇಕಾದವರು ಕೇಳಿಸಿಕೊಳ್ಳಲು ಇಲ್ಲ.

ಐವತ್ತು ವರ್ಷಕ್ಕೂ ಮೇಲೆ ಅವರ ಕೈಯಡುಗೆ ಉಂಡೆ. ಊರಿನವರಿಗೆ ಅವರು ಸೆಕ್ರೆಟರಿಯ ಅತ್ತಿಗೆ, ನನಗೆ ಬರೀ ಅತ್ತಿಗೆ. ಅವರ ಹೆಸರನ್ನು ನಾನು ಒಂದು ಸಲವೂ ಬಾಯಿಬಿಟ್ಟು ಹೇಳಿದವನಲ್ಲ, ಬರೆದವನೂ ಅಲ್ಲ. ಆ ದಿನ ಊರು ಉಂಡದ್ದು ಯಾರ ಅಡುಗೆ ಎಂದು ಯಾರಾದರೂ ಕೇಳಿದರೆ ಹೇಳಿ: ಗಂಗಹನುಮಕ್ಕನವರದು.